ವರ್ಡ್‌ನಲ್ಲಿ ನಾವೇ ಮಾಡಿದ ವಿಸಿಟಿಂಗ್ ಕಾರ್ಡಿನಲ್ಲಿ ಕನ್ನಡ ಒಡೆದುಹೋಗುತ್ತದೆಯೇ?

ಕಳೆದ ದೀಪಾವಳಿಗೆ ಹದಿನೈದು ದಿನ ಮುಂಚೆ ನಮ್ಮ ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಚಿಕ್ಕಮ್ಮ ಒಂದು ಫೋಟೊ ಹಾಕಿದರು. ಮನೆಯಲ್ಲೇ ಕುರುಕಲು ತಿಂಡಿ ಮಾಡಿ ಮಾರುವ ಅವರು ಮೊದಲ ಸಲ ವಿಸಿಟಿಂಗ್ ಕಾರ್ಡ್ ಮಾಡಿಸಿದ್ದರು. ಒಟ್ಟು 500 ಕಾರ್ಡು. ‘ಚಕ್ಕುಲಿ’ ಇರಬೇಕಾದ ಕಡೆ ‘ಚಕ್‌ಕುಲಿ’ ಎಂದಿತ್ತು, ‘ಚಟ್ನಿಪುಡಿ’ ‘ಚಟ್‌ನಿಪುಡಿ’ಯಾಗಿತ್ತು, ‘ಒಬ್ಬಟ್ಟು’ ಅಂತೂ ‘ಒಬ್‌ಬಟ್‌ಟು’ ಆಗಿ ಬಾಯಲ್ಲಿ ಹೇಳಲೂ ಆಗದಂತಿತ್ತು. ಗಡಿಬಿಡಿಯಲ್ಲಿ ಯಾರೂ ಪ್ರೂಫ್ ನೋಡಿರಲಿಲ್ಲ.

ಗ್ರೂಪಿನಲ್ಲಿ ಸಮಾಧಾನದ ಮಾತಿಗಿಂತ ಸಲಹೆಗಳೇ ಹೆಚ್ಚು ಬಂದವು. “ಕನ್ನಡ ಕಂಪ್ಯೂಟರಿಗೆ ಸರಿಹೋಗಲ್ಲ, ಇಂಗ್ಲಿಷಲ್ಲೇ ಹಾಕಿಸಿಬಿಡು” ಎಂದರು ಒಬ್ಬರು. “ವರ್ಡ್‌ನಲ್ಲಿ ಮಾಡಿದ್ದನ್ನು ಪ್ರೆಸ್‌ನವರು ಮುಟ್ಟುವುದೇ ಇಲ್ಲ, ಕೋರಲ್‌ಡ್ರಾ ಬರೋರೇ ಬೇಕು” ಎಂದರು ಇನ್ನೊಬ್ಬರು. “ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸಿ, ಆಯ್ತು” ಎಂದವರೂ ಇದ್ದರು. ಈ ಮೂರೂ ಮಾತುಗಳನ್ನು ನೀವೂ ಎಲ್ಲೋ ಕೇಳಿರುತ್ತೀರಿ. ಚಿಕ್ಕಮ್ಮ ಮೊದಲನೆಯದನ್ನು ನಂಬಿ ಇಂಗ್ಲಿಷಿನಲ್ಲೇ ಮರುಮುದ್ರಣಕ್ಕೆ ಕೊಡುವ ಯೋಚನೆಯಲ್ಲಿದ್ದರು. ಆದರೆ ಅವರ ಕಾಯಂ ಗಿರಾಕಿಗಳಲ್ಲಿ ಹೆಚ್ಚಿನವರು ಅಕ್ಕಪಕ್ಕದ ಬೀದಿಯ ಹಿರಿಯ ಹೆಂಗಸರು. ಇಂಗ್ಲಿಷ್ ಕಾರ್ಡನ್ನು ಅವರು ಮೊಮ್ಮಕ್ಕಳ ಕೈಯಲ್ಲಿ ಓದಿಸಬೇಕು.

ಹಾಗಾಗಿ ಈ ಮಾತುಗಳಲ್ಲಿ ಎಷ್ಟು ನಿಜ ಎಂದು ನೋಡೋಣ.

ಕನ್ನಡ ಒಡೆಯುವುದು ಯಾಕೆ?

ಕನ್ನಡ ಒಡೆಯುವುದರಲ್ಲಿ ಎರಡು ಬಗೆ ಇದೆ. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಜನ ಇವೆರಡನ್ನೂ ಸೇರಿಸಿ ‘ಫಾಂಟ್ ಪ್ರಾಬ್ಲಂ’ ಎಂದುಬಿಡುತ್ತಾರೆ.

ಮೊದಲನೆಯದು, ಕನ್ನಡ ಪೂರ್ತಿ ಮಾಯವಾಗಿ ಅದರ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಟೋಪಿ, ಚುಕ್ಕಿ ಹೊತ್ತ ವಿಚಿತ್ರ ಚಿಹ್ನೆಗಳೂ ಕಾಣಿಸುವುದು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಹೀಗಾಗುತ್ತದೆ. ಆ ಕಾಲದ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ಕಣ್ಣಿಗೆ ಕನ್ನಡ ಕಾಣುತ್ತಿದ್ದರೂ ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಮುಖವಾಡ ಕಳಚಿಬೀಳುತ್ತದೆ. ಕಡತದ ಜೊತೆಗೆ ಫಾಂಟನ್ನೂ ಕೊಟ್ಟರೆ, ಅಥವಾ ಪಿಡಿಎಫ್ ಮಾಡಿ ಕೊಟ್ಟರೆ ಸರಿಹೋಗುತ್ತದೆ.

ಎರಡನೆಯದು ಚಿಕ್ಕಮ್ಮನ ಕಾರ್ಡಿಗೆ ಆದದ್ದು. ಅಕ್ಷರಗಳೆಲ್ಲ ಕನ್ನಡದವೇ, ಆದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತಿತ್ತು. ಅವರು ಕಾರ್ಡಿನ ವಿವರವನ್ನು ಫೋನಿನಲ್ಲೇ ಟೈಪ್ ಮಾಡಿ ಕಳಿಸಿದ್ದರು. ಫೋನಿನಲ್ಲಿ ಟೈಪ್ ಮಾಡುವುದೆಲ್ಲ ಯೂನಿಕೋಡ್. ಅದರಲ್ಲಿ ‘ಕ್ಕು’ ಎಂಬುದು ಒಂದು ಚಿತ್ರವಾಗಿ ಇರುವುದಿಲ್ಲ. ಕ, ಹಲಂತದ ಗುರುತು, ಮತ್ತೊಂದು ಕ, ಉಕಾರದ ಕೊಂಬು, ಹೀಗೆ ನಾಲ್ಕು ಸಂಕೇತಗಳ ಸಾಲಾಗಿ ಇರುತ್ತದೆ. ಈ ಸಾಲನ್ನು ಓದಿ, ಎರಡನೆಯ ಕ ಒತ್ತಾಗಿ ಕೆಳಗೆ ಹೋಗಬೇಕು ಎಂದು ತೀರ್ಮಾನಿಸುವ ಕೆಲಸ ತಂತ್ರಾಂಶದ್ದು. ಹೇಗೆ ಜೋಡಿಸಬೇಕೆಂಬ ನಿಯಮಗಳು ಫಾಂಟಿನೊಳಗೇ ಇರುತ್ತವೆ, ಆದರೆ ಅವನ್ನು ಓದಿ ಪಾಲಿಸುವ ಒಂದು ಭಾಗ ತಂತ್ರಾಂಶದಲ್ಲಿ ಇರಲೇಬೇಕು. ‘ಸೂರ್ಯ’ದಲ್ಲಿ ಇದರ ಕಷ್ಟ ಇನ್ನೂ ಚೆನ್ನಾಗಿ ಕಾಣುತ್ತದೆ. ಸಂಕೇತಗಳ ಸಾಲಿನಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರೆಯುವಾಗ ಮಾತ್ರ ಯಕಾರ ಮುಂದೆ ಬಂದು ರಕಾರ ಅರ್ಕಾವತ್ತಾಗಿ ಹಿಂದೆ ಸರಿಯಬೇಕು.

ಯೂನಿಕೋಡನ್ನು ಅರಿಯದ ಹಳೆಯ ಡಿಟಿಪಿ ತಂತ್ರಾಂಶಗಳು ಇನ್ನೂ ಎಷ್ಟೋ ಅಂಗಡಿಗಳಲ್ಲಿ ನಡೆಯುತ್ತಿವೆ. 2001ರಲ್ಲಿ ಬಂದ ಪೇಜ್‌ಮೇಕರ್ 7 ಅಂಥದ್ದರಲ್ಲಿ ಒಂದು. ಫೋಟೊಶಾಪ್‌ನಂಥ ಹೊಸ ತಂತ್ರಾಂಶಗಳಿಗೆ ಈ ಜೋಡಣೆ ಗೊತ್ತಿದೆ, ಆದರೆ ಸೆಟ್ಟಿಂಗ್ ಬದಲಿಸದಿದ್ದರೆ ಅವೂ ಕೆಲವೊಮ್ಮೆ ಒತ್ತನ್ನು ಪಕ್ಕಕ್ಕೆ ತಳ್ಳುತ್ತವೆ. ಹಾಗಾದರೆ ವರ್ಡ್? ವಿಂಡೋಸ್‌ನಲ್ಲಿ ಎಷ್ಟೋ ವರ್ಷಗಳಿಂದ ಕನ್ನಡವನ್ನು ಅದು ಸರಿಯಾಗಿಯೇ ಜೋಡಿಸುತ್ತಿದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರ್ ಕೂಡ ಅಷ್ಟೇ. ಅದರೊಳಗಿರುವ ಹಾರ್ಫ್‌ಬಜ್ ಎಂಬ ಜೋಡಣೆಯ ಯಂತ್ರವೇ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಈ ಕೆಲಸ ಮಾಡುತ್ತಿದೆ.

ಅಂದರೆ ನಮ್ಮ ಗ್ರೂಪಿನ ಮಾತು ತಲೆಕೆಳಗು. ಕನ್ನಡದ ಮಟ್ಟಿಗೆ ‘ಸಾಮಾನ್ಯ’ ವರ್ಡ್, ‘ವೃತ್ತಿಪರ’ ಹಳೆಯ ತಂತ್ರಾಂಶಕ್ಕಿಂತ ಎಷ್ಟೋ ವಾಸಿ.

ಪ್ರೆಸ್‌ನವರ ಮಾತಿನಲ್ಲಿ ಅರ್ಧ ನಿಜ ಇದೆ

ವರ್ಡ್ ಕಡತವನ್ನು ಹಾಗೇ ಕೊಟ್ಟರೆ ಪ್ರೆಸ್‌ನವರು ಮುಖ ಸಿಂಡರಿಸುವುದಕ್ಕೆ ಕಾರಣ ಇದೆ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ವರ್ಡ್ ಸದ್ದಿಲ್ಲದೆ ಬೇರೊಂದು ಫಾಂಟ್ ಹಾಕಿಕೊಳ್ಳುತ್ತದೆ. ಸಾಲುಗಳು ಕೆಳಗಿಳಿಯುತ್ತವೆ, ಫೋನ್ ನಂಬರಿನ ಕೊನೆಯ ಎರಡು ಅಂಕಿ ಮುಂದಿನ ಸಾಲಿಗೆ ಹೋಗಿ ಕೂರುತ್ತವೆ. ಆದರೆ ಅದೇ ಕಡತವನ್ನು ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಮಾಡಿ ಕೊಟ್ಟರೆ ಬೇಕಾದ ಅಕ್ಷರಗಳ ಆಕಾರಗಳೆಲ್ಲ ಅದರೊಳಗೇ ಸೇರಿರುತ್ತವೆ. ಸೇವ್ ಮಾಡುವಾಗ ‘ಆಪ್ಷನ್ಸ್’ ಒತ್ತಿ, ಪಿಡಿಎಫ್/ಎ ಎಂಬುದಕ್ಕೆ ಟಿಕ್ ಹಾಕಿದರೆ ಇನ್ನೂ ಭದ್ರ. ಫಾಂಟನ್ನು ಒಳಗೆ ಸೇರಿಸಲೇಬೇಕು ಎನ್ನುವುದು ಆ ಮಾನಕದ ನಿಯಮ.

ಇಲ್ಲಿ ಒಂದು ಸುಳ್ಳು ಭಯ ಹುಟ್ಟುತ್ತದೆ. ಪಿಡಿಎಫ್‌ನಿಂದ ಕನ್ನಡವನ್ನು ಕಾಪಿ ಮಾಡಿ ವಾಟ್ಸ್ಯಾಪಿಗೆ ಅಂಟಿಸಿ ನೋಡಿದಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬರಬಹುದು. ಅದನ್ನು ನೋಡಿ ‘ಅಚ್ಚೂ ಹೀಗೇ ಆಗುತ್ತದೆ’ ಎಂದು ಗಾಬರಿಯಾಗಬೇಡಿ. ಪಿಡಿಎಫ್ ಮುಖ್ಯವಾಗಿ ಇಟ್ಟುಕೊಳ್ಳುವುದು ಅಕ್ಷರದ ಆಕಾರವನ್ನು, ಅದು ಎಲ್ಲಿ ಕೂರಬೇಕೆಂಬುದನ್ನು. ಕಾಪಿ ಮಾಡುವಾಗ ಆಕಾರದಿಂದ ಹಿಂದಕ್ಕೆ ಸಂಕೇತವನ್ನು ಊಹಿಸಬೇಕಾಗುತ್ತದೆ, ತಪ್ಪುವುದು ಅಲ್ಲಿ. ಪರದೆಯ ಮೇಲೆ ಪಿಡಿಎಫ್‌ನಲ್ಲಿ ಸರಿಯಾಗಿ ಕಂಡರೆ ಅಚ್ಚಿನಲ್ಲೂ ಸರಿಯಾಗಿಯೇ ಬರುತ್ತದೆ. ಪ್ರೆಸ್‌ನವರು ಅದನ್ನು ಬೇರೆ ತಂತ್ರಾಂಶಕ್ಕೆ ಎಳೆದು ತಂದು ತಿದ್ದದಿದ್ದರೆ ಸರಿ. “ಇದನ್ನು ಹಾಗೇ ಪ್ರಿಂಟ್ ಹಾಕಿ, ತಿದ್ದುಪಡಿ ಇದ್ದರೆ ನಾನೇ ಮಾಡಿ ಕಳಿಸುತ್ತೇನೆ” ಎಂದು ಮೊದಲೇ ಹೇಳಿಬಿಡಿ.

ಕಾರ್ಡಿನ ಅಳತೆ

ಎಲ್ಲಕ್ಕಿಂತ ಮೊದಲು ಅಳತೆ ಗೊತ್ತಿರಬೇಕು. ನಮ್ಮಲ್ಲಿ ಹೆಚ್ಚು ನಡೆಯುವುದು ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲದ ಕಾರ್ಡು, ಅಂದರೆ ಸುಮಾರು 89 × 51 ಮಿಲಿಮೀಟರ್. ಯುರೋಪಿನಲ್ಲಿ 85 × 55, ಜಪಾನಿನಲ್ಲಿ 91 × 55. ನಿಮ್ಮ ಎಟಿಎಂ ಕಾರ್ಡ್ 85.60 × 53.98, ಅದಕ್ಕೆ ಅಂತಾರಾಷ್ಟ್ರೀಯ ಮಾನಕವೇ ಇದೆ. ಪರ್ಸಿನಲ್ಲಿ ಎಟಿಎಂ ಕಾರ್ಡಿನ ಖಾನೆಗೆ ನಮ್ಮ ವಿಸಿಟಿಂಗ್ ಕಾರ್ಡ್ ಉದ್ದದಲ್ಲಿ ಚೂರು ಬಿಗಿಯಾಗುವುದು ಇದಕ್ಕೇ. ‘ಅದೃಷ್ಟದ ಅಳತೆ’ ಎಂದು ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ಕೆಲವರು ಇಂಚುಗಳನ್ನು ಕೂಡಿ ಕಳೆದು ಹೇಳುವುದುಂಟು. ಆ ಅಳತೆಯ ಕಾರ್ಡ್ ಗಿರಾಕಿಯ ಪರ್ಸಿನಲ್ಲಿ ಹಿಡಿಸದಿದ್ದರೆ ಅದೃಷ್ಟ ಕಸದ ಬುಟ್ಟಿಗೇ ಹೋಗುತ್ತದೆ.

ಪ್ರೆಸ್ಸಿಗೆ ಕೊಡುವುದಾದರೆ ಎ4 ಹಾಳೆಯಲ್ಲಿ ಹತ್ತು ಕಾರ್ಡು ಜೋಡಿಸುವ ಗೋಜು ನಿಮಗೆ ಬೇಡ, ಒಂದೇ ಕಾರ್ಡ್ ಸಾಕು. ವರ್ಡ್‌ನಲ್ಲಿ ‘ಲೇಔಟ್’ಗೆ ಹೋಗಿ, ‘ಸೈಜ್’ನ ಕೊನೆಯಲ್ಲಿರುವ ‘ಮೋರ್ ಪೇಪರ್ ಸೈಜಸ್’ ಒತ್ತಿ, ಅಗಲ 9.5 ಸೆಂಟಿಮೀಟರ್, ಎತ್ತರ 5.7 ಸೆಂಟಿಮೀಟರ್ ಎಂದು ಕೊಡಿ. ಕಾರ್ಡಿಗಿಂತ ಇದು ನಾಲ್ಕೂ ಕಡೆ ಮೂರು ಮಿಲಿಮೀಟರ್ ದೊಡ್ಡದು. ಈ ಹೆಚ್ಚುವರಿ ಅಂಚಿಗೆ ಪ್ರೆಸ್‌ನವರು ಬ್ಲೀಡ್ ಎನ್ನುತ್ತಾರೆ. ನೂರಾರು ಹಾಳೆಗಳನ್ನು ಒಟ್ಟಿಗೆ ಇಟ್ಟು ಕತ್ತರಿಸುವಾಗ ಬ್ಲೇಡು ಅರ್ಧ, ಒಂದು ಮಿಲಿಮೀಟರ್ ಆಚೀಚೆ ಸರಿಯುತ್ತದೆ. ಹಿನ್ನೆಲೆಯ ಬಣ್ಣ ಕಾರ್ಡಿನ ಅಂಚಿಗೇ ನಿಂತಿದ್ದರೆ ಬಿಳಿ ಗೆರೆಯೊಂದು ಇಣುಕುತ್ತದೆ, ಹೊರಗೂ ಹಬ್ಬಿದ್ದರೆ ಇಣುಕುವುದಿಲ್ಲ. ಇದೇ ಕಾರಣಕ್ಕೆ ಅಕ್ಷರಗಳು ಕತ್ತರಿಸುವ ಗೆರೆಯಿಂದ ಮೂರು ನಾಲ್ಕು ಮಿಲಿಮೀಟರ್ ಒಳಗಿರಬೇಕು. ಆದ್ದರಿಂದ ನಾಲ್ಕೂ ಕಡೆ 0.7 ಸೆಂಟಿಮೀಟರ್ ಮಾರ್ಜಿನ್ ಕೊಡಿ. ‘ಮಾರ್ಜಿನ್ ಪ್ರಿಂಟರಿನ ಮಿತಿಯ ಹೊರಗಿದೆ’ ಎಂದು ವರ್ಡ್ ಎಚ್ಚರಿಸಿದರೆ ‘ಇಗ್ನೋರ್’ ಒತ್ತಿ. ಅದು ನಿಮ್ಮ ಮನೆಯ ಪ್ರಿಂಟರಿನ ಮಾತು, ನೀವು ಮಾಡುತ್ತಿರುವುದು ಪಿಡಿಎಫ್.

ಹಿನ್ನೆಲೆಗೆ ಬಣ್ಣ ಬೇಕಿದ್ದರೆ ‘ಪೇಜ್ ಕಲರ್’ ಬಳಸಬೇಡಿ. ಸೆಟ್ಟಿಂಗ್ ಬದಲಿಸದಿದ್ದರೆ ಅದು ಅಚ್ಚಿನಲ್ಲಿ ಬರುವುದೇ ಇಲ್ಲ. ‘ಶೇಪ್ಸ್’ನಲ್ಲಿ ಒಂದು ಆಯತ ಎಳೆದು, ಪುಟದಷ್ಟೇ ದೊಡ್ಡದು ಮಾಡಿ, ‘ಬಿಹೈಂಡ್ ಟೆಕ್ಸ್ಟ್’ ಎಂದು ಹಿಂದಕ್ಕೆ ತಳ್ಳಿ. ಲೋಗೊ ಮತ್ತು ವಿವರವನ್ನು ಅಕ್ಕಪಕ್ಕ ಇಡುವುದಕ್ಕೆ ಸ್ಪೇಸ್ ಬಾರ್ ಒತ್ತುತ್ತಾ ಹೋಗುವುದು ನಮ್ಮೆಲ್ಲರ ಹಳೆಯ ಚಾಳಿ. ಅದರ ಬದಲು ಎರಡು ಕಾಲಮ್ಮಿನ ಒಂದು ಟೇಬಲ್ ಹಾಕಿ ಗೆರೆಗಳನ್ನು ತೆಗೆದುಬಿಡಿ. ಫಾಂಟ್ ಬದಲಿಸಿದರೂ ಜೋಡಣೆ ಕದಲುವುದಿಲ್ಲ.

ಒತ್ತಕ್ಷರದ ಕಾಲು ಕತ್ತರಿಸದಿರಲಿ

ಇಂಗ್ಲಿಷ್ ಕಾರ್ಡಿಗೆ ಹೇಳುವ ಸಲಹೆಗಳನ್ನು ಕನ್ನಡಕ್ಕೆ ಹಾಗೇ ಹಾಕಿದರೆ ಕೆಡುವುದು ಇಲ್ಲಿ. ವಿಡಿಯೊಗಳಲ್ಲಿ ‘ಸಾಲುಗಳ ಅಂತರವನ್ನು ಎಕ್ಸಾಕ್ಟ್ಲಿ ಎಂದು ಇಟ್ಟು 9 ಪಾಯಿಂಟ್ ಕೊಡಿ, ನೀಟಾಗಿ ಕಾಣುತ್ತದೆ’ ಎನ್ನುತ್ತಾರೆ. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ, ಅದರ ಕೆಳಗೆ ಇನ್ನೊಂದು ಒತ್ತೂ ಬರಬಹುದು. ‘ಸ್ತ್ರೀ’ ಎಂದು ಬರೆದು ನೋಡಿ. ಬಿಗಿ ಅಂತರ ಕೊಟ್ಟರೆ ವರ್ಡ್ ಒತ್ತಿನ ಕಾಲನ್ನೇ ಕತ್ತರಿಸುತ್ತದೆ, ಅಥವಾ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಸಿಂಗಲ್’ ಎಂದೇ ಬಿಡಿ. ‘ಎಕ್ಸಾಕ್ಟ್ಲಿ’ ಬೇಕೇ ಬೇಕೆಂದರೆ ಅಕ್ಷರದ ಅಳತೆಯ ಒಂದೂವರೆ ಪಟ್ಟಿನಿಂದ ಶುರು ಮಾಡಿ ನೋಡಿ.

ಅಕ್ಷರ ಎಷ್ಟು ದೊಡ್ಡದಿರಬೇಕು? ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. 8 ಪಾಯಿಂಟ್ ಎಂದರೆ ಒತ್ತು, ಗುಡಿಸು, ದೀರ್ಘ ಎಲ್ಲಕ್ಕೂ ಸೇರಿ ಮೂರು ಮಿಲಿಮೀಟರಿಗೂ ಕಡಿಮೆ ಜಾಗ. ನನ್ನ ಮಟ್ಟಿಗೆ ಕನ್ನಡ 9 ಪಾಯಿಂಟಿಗಿಂತ ಕೆಳಗೆ ಇಳಿಯಬಾರದು, ಫೋನ್ ನಂಬರ್ 12 ಇದ್ದರೂ ತಪ್ಪಿಲ್ಲ. ಕಾರ್ಡನ್ನು ಜನ ಎತ್ತಿಟ್ಟುಕೊಳ್ಳುವುದೇ ಆ ನಂಬರಿಗಾಗಿ. ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಪರದೆಯಲ್ಲಿ ಬಹಳ ಚೆಂದ. ಅಚ್ಚಿನಲ್ಲಿ ಶಾಯಿ ಸ್ವಲ್ಪ ಹರಡುವುದರಿಂದ ಒತ್ತಕ್ಷರಗಳ ಸಣ್ಣ ಕಿಂಡಿಗಳು ಮುಚ್ಚಿಹೋಗುತ್ತವೆ. ಹೆಸರಿಗೆ ಬೇಕಾದರೆ ಹಾಗೆ ಮಾಡಿ, ವಿಳಾಸಕ್ಕೆ ಬೇಡ.

ಫಾಂಟ್‌ಗಳಿಗೆ ಈಗ ಬರವಿಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ. ಗೂಗಲ್ ಫಾಂಟ್ಸ್ ತಾಣದಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ ಉಚಿತವಾಗಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಲಿಬ್ರೆಆಫೀಸ್‌ನಲ್ಲಿ ಕನ್ನಡದ ಫಾಂಟಿಗೂ ಇಂಗ್ಲಿಷ್ ಫಾಂಟಿಗೂ ಬೇರೆ ಬೇರೆ ಖಾನೆ ಇದೆ. ಅಳತೆ ಬದಲಿಸಿದರೂ ಕನ್ನಡ ಕದಲುತ್ತಿಲ್ಲ ಎನಿಸಿದರೆ ‘ಕ್ಯಾರೆಕ್ಟರ್’ ಕಿಟಕಿಯಲ್ಲಿ ‘ಕಾಂಪ್ಲೆಕ್ಸ್’ ಎಂಬ ವಿಭಾಗದಲ್ಲಿ ಬದಲಿಸಿ. ಅದು ಕಾಣದಿದ್ದರೆ ಸೆಟ್ಟಿಂಗ್‌ನ ಭಾಷೆಯ ಪುಟದಲ್ಲಿ ಕಾಂಪ್ಲೆಕ್ಸ್ ಲಿಪಿಗಳಿಗೆ ಟಿಕ್ ಹಾಕಬೇಕು.

ಫೋನ್ ನಂಬರಿಗೆ ಕನ್ನಡ ಅಂಕಿ ಹಾಕಬೇಕೇ? ಕನ್ನಡ ಅಂಕಿಗಳ ಮೇಲೆ ನನಗೂ ಪ್ರೀತಿ ಇದೆ. ಆದರೂ ಕಾರ್ಡಿನಲ್ಲಿ ಬೇಡ ಎನ್ನುತ್ತೇನೆ. ೬ ಮತ್ತು ೯ನ್ನು ಅದಲುಬದಲು ಓದುವವರು ಬಹಳ, ಮತ್ತು ಒಂದು ಅಂಕಿ ತಪ್ಪಿದರೆ ಕರೆ ಯಾರ ಮನೆಗೋ ಹೋಗುತ್ತದೆ.

ಪರದೆಯ ಬಣ್ಣ ಕಾಗದಕ್ಕೆ ಬರುವುದಿಲ್ಲ

ಪರದೆ ಬೆಳಕನ್ನು ಉಗುಳುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಪರದೆಯಲ್ಲಿ ಕೆಂಪು, ಹಸಿರು, ನೀಲಿ ಬೆಳಕುಗಳ ಬೆರಕೆ. ಅಚ್ಚಿನಲ್ಲಿ ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು ಶಾಯಿಗಳ ಬೆರಕೆ. ಫೋನಿನಲ್ಲಿ ಮಿನುಗುವ ಗಿಣಿಹಸಿರು ಮತ್ತು ಮಿಂಚುನೀಲಿ ನಾಲ್ಕು ಶಾಯಿಯಲ್ಲಿ ಮಂಕಾಗಿಯೇ ಬರುವುದು. ಇದು ಪ್ರೆಸ್‌ನವರ ಮೋಸವಲ್ಲ. ವರ್ಡ್‌ಗೆ ಶಾಯಿಯ ಲೆಕ್ಕ ಗೊತ್ತೇ ಇಲ್ಲ, ಅದು ಬೆಳಕಿನ ಲೆಕ್ಕವನ್ನಷ್ಟೇ ಬರೆದಿಡುತ್ತದೆ, ಪ್ರೆಸ್ಸಿನಲ್ಲಿ ಅದನ್ನು ಶಾಯಿಗೆ ಬದಲಿಸುತ್ತಾರೆ.

ಈ ಬದಲಾವಣೆಯಲ್ಲಿ ಕಪ್ಪು ಅಕ್ಷರಕ್ಕೆ ಒಂದು ಅಪಾಯ ಇದೆ. ವರ್ಡ್‌ನ ಕಪ್ಪು ಕೆಲವೊಮ್ಮೆ ನಾಲ್ಕೂ ಶಾಯಿಗಳ ಕಪ್ಪಾಗಿ ಬದಲಾಗುತ್ತದೆ. ಆಫ್‌ಸೆಟ್‌ನಲ್ಲಿ ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಸುತ್ತ ಬಣ್ಣದ ನೆರಳು ಬೀಳುತ್ತದೆ. “ಅಕ್ಷರವೆಲ್ಲ ಬರೀ ಬ್ಲ್ಯಾಕ್ ಪ್ಲೇಟಿನಲ್ಲಿ ಬರಲಿ” ಎಂದು ಹೇಳಿದರೆ ಸಾಕು, ತಿಳಿದವರಿಗೆ ತಕ್ಷಣ ಅರ್ಥವಾಗುತ್ತದೆ.

ಇನ್ನು ಚಿತ್ರ. ಅಚ್ಚಿಗೆ ಇಂಚಿಗೆ 300 ಚುಕ್ಕಿ ಎಂಬುದು ರೂಢಿಯ ಲೆಕ್ಕ. ಒಂದು ಇಂಚು ಅಗಲದ ಲೋಗೊ 300 ಪಿಕ್ಸೆಲ್ ಇರಬೇಕು, ಕಾರ್ಡಿನಷ್ಟೇ ದೊಡ್ಡ ಚಿತ್ರ 1050 × 600. ವಾಟ್ಸ್ಯಾಪ್ ಡಿಪಿಯಿಂದ ಕತ್ತರಿಸಿ ತೆಗೆದ ಲೋಗೊ ಮಸುಕಾಗುವುದು ಇದಕ್ಕೇ. ವರ್ಡ್ ಕೂಡ ತಾನಾಗಿ ಚಿತ್ರಗಳನ್ನು ಕುಗ್ಗಿಸುತ್ತದೆ. ‘ಆಪ್ಷನ್ಸ್’ನ ‘ಅಡ್ವಾನ್ಸ್ಡ್’ನಲ್ಲಿ ಚಿತ್ರವನ್ನು ಕುಗ್ಗಿಸಬೇಡ ಎಂಬ ಟಿಕ್ ಇದೆ, ಚಿತ್ರ ಸೇರಿಸುವ ಮೊದಲೇ ಹಾಕಿಕೊಳ್ಳಿ. ಕೊನೆಗೆ ಪ್ರೆಸ್ಸಿಗೆ ಕಳಿಸುವಾಗ ಸ್ಕ್ರೀನ್‌ಶಾಟ್ ಬೇಡ, ಫೋಟೊ ಬೇಡ. ವಾಟ್ಸ್ಯಾಪಿನಲ್ಲಿ ‘ಡಾಕ್ಯುಮೆಂಟ್’ ಎಂಬ ದಾರಿಯಲ್ಲಿ ಪಿಡಿಎಫ್ ಕಳಿಸಿ. ಫೋಟೊವಾಗಿ ಹೋದದ್ದನ್ನು ವಾಟ್ಸ್ಯಾಪ್ ಹಿಂಡುತ್ತದೆ, ಡಾಕ್ಯುಮೆಂಟ್ ಆಗಿ ಹೋದದ್ದು ಹಾಗೇ ತಲುಪುತ್ತದೆ.

ಮನೆಯಲ್ಲೇ ಪ್ರಿಂಟ್ ಹಾಕುವುದಾದರೆ

ಹತ್ತಿಪ್ಪತ್ತು ಕಾರ್ಡು ಸಾಕು ಎನ್ನುವವರಿಗೆ ಇದು ಒಳ್ಳೆಯ ದಾರಿ. ವರ್ಡ್‌ನ ‘ಮೇಲಿಂಗ್ಸ್’ ಟ್ಯಾಬಿನಲ್ಲಿ ‘ಲೇಬಲ್ಸ್’ ಇದೆ, ಅದರ ‘ಆಪ್ಷನ್ಸ್’ನಲ್ಲಿ ಕಾರ್ಡ್ ಹಾಳೆಗಳ ಸಿದ್ಧ ಅಳತೆಗಳಿವೆ. ಲಿಬ್ರೆಆಫೀಸ್‌ನಲ್ಲಿ ‘ಫೈಲ್’, ‘ನ್ಯೂ’, ‘ಬಿಸಿನೆಸ್ ಕಾರ್ಡ್ಸ್’. ಅಲ್ಲಿ ‘ಸಿಂಕ್ರೊನೈಸ್ ಕಂಟೆಂಟ್ಸ್’ ಎಂಬ ಟಿಕ್ ಹಾಕಿದರೆ ಮೊದಲ ಕಾರ್ಡನ್ನು ತಿದ್ದಿ ಒಂದು ಗುಂಡಿ ಒತ್ತಿದರೆ ಉಳಿದವೂ ತಿದ್ದಿಕೊಳ್ಳುತ್ತವೆ. ಈ ಒಂದು ಕೆಲಸದಲ್ಲಿ ನನಗೆ ವರ್ಡ್‌ಗಿಂತ ಅದೇ ಹೆಚ್ಚು ಇಷ್ಟ. ಫೋನಿನ ವರ್ಡ್ ಆ್ಯಪ್‌ನಲ್ಲಿ ಮೇಲಿಂಗ್ಸ್ ಟ್ಯಾಬ್ ಇಲ್ಲ, ಆದ್ದರಿಂದ ಇದಕ್ಕೆ ಕಂಪ್ಯೂಟರ್ ಬೇಕು.

ಕೈಯಾರೆ ಮಾಡುವುದಾದರೆ ಎ4 ಹಾಳೆಯಲ್ಲಿ ಎರಡು ಕಾಲಮ್, ಐದು ಸಾಲಿನ ಟೇಬಲ್. ಕಾಲಮ್ 8.9 ಸೆಂಟಿಮೀಟರ್, ಸಾಲು 5.1 ಸೆಂಟಿಮೀಟರ್ ‘ಎಕ್ಸಾಕ್ಟ್ಲಿ’. ಐದು ಸಾಲಿಗೆ 25.5 ಆಯಿತು, ಹಾಳೆ 29.7. ಮೇಲೆ ಕೆಳಗೆ 2.1ರಂತೆ ಸಮನಾಗಿ ಮಾರ್ಜಿನ್ ಕೊಟ್ಟರೆ ಲೆಕ್ಕ ಸರಿಯಾಯಿತು ಎನಿಸುತ್ತದೆ, ಆದರೆ ಎರಡನೆಯ ಖಾಲಿ ಪುಟವೊಂದು ಹುಟ್ಟಿಕೊಂಡು ಕಾಡುತ್ತದೆ. ವರ್ಡ್ ಪ್ರತಿ ಟೇಬಲ್ಲಿನ ನಂತರ ಒಂದು ಖಾಲಿ ಪ್ಯಾರಾ ಇಟ್ಟೇ ಇಡುತ್ತದೆ, ಅದಕ್ಕೆ ಜಾಗ ಉಳಿದಿರುವುದಿಲ್ಲ. ಕೆಳಗಿನ ಮಾರ್ಜಿನ್ನನ್ನು 1 ಸೆಂಟಿಮೀಟರಿಗೆ ಇಳಿಸಿ, ಪುಟ ತಾನೇ ಹೋಗುತ್ತದೆ. ಇದನ್ನು ಕಂಡುಕೊಳ್ಳಲು ನಾನು ಒಂದು ಸಂಜೆ ಕಳೆದಿದ್ದೇನೆ.

ಪ್ರಿಂಟ್ ಕೊಡುವಾಗ ಪಿಡಿಎಫ್‌ನಲ್ಲಿ ‘ಆ್ಯಕ್ಚುವಲ್ ಸೈಜ್’ ಆರಿಸಿ. ‘ಫಿಟ್’ ಎಂದಿದ್ದರೆ ಎಲ್ಲವೂ ತುಸು ಕುಗ್ಗಿ ಕಾರ್ಡುಗಳು ಚಿಕ್ಕದಾಗುತ್ತವೆ. ಮೊದಲು ಸಾದಾ ಹಾಳೆಯಲ್ಲಿ ತೆಗೆದು ಸ್ಕೇಲಿನಿಂದ ಅಳೆಯಿರಿ. ಕಾಗದದ ದಪ್ಪವನ್ನು ಜಿಎಸ್‌ಎಂ ಎನ್ನುತ್ತಾರೆ, ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂದು. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70–80, ಪ್ರೆಸ್ಸಿನ ಕಾರ್ಡು 300ರ ಆಸುಪಾಸು. 300ರ ಒಂದು ಎ4 ಹಾಳೆ ಸುಮಾರು 19 ಗ್ರಾಂ ತೂಗುತ್ತದೆ. ಅಷ್ಟು ದಪ್ಪವನ್ನು ಮನೆಯ ಪ್ರಿಂಟರಿಗೆ ತುರುಕಬೇಡಿ, ಎಷ್ಟರವರೆಗೆ ಆಗುತ್ತದೆ ಎಂದು ಅದರ ಕೈಪಿಡಿಯಲ್ಲೇ ಇರುತ್ತದೆ. ಸಾಮಾನ್ಯ ಇಂಕ್‌ಜೆಟ್ ಶಾಯಿ ನೀರು ಬಿದ್ದರೆ ಹರಡುತ್ತದೆ. ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ಹಿಡಿಯುವ ಕಾರ್ಡಿಗೆ ಲೇಸರ್ ಪ್ರಿಂಟೇ ಸರಿ.

ಹಾಕಬಾರದ ಎರಡು ಚಿಹ್ನೆ, ಯೋಚಿಸಿ ಹಾಕಬೇಕಾದ ಒಂದು

ನಮ್ಮ ಕಾರ್ಡು ನಾವೇ ಮಾಡುವಾಗ ಇಂಟರ್ನೆಟ್ಟಿನಿಂದ ಚಿತ್ರ ಎತ್ತಿ ಅಂಟಿಸುವುದು ಸುಲಭ. ‘ಡಾಕ್ಟರ್ ಕಾರ್ಡಿಗೆ ಬಿಳಿಯ ಮೇಲಿನ ಕೆಂಪು ಶಿಲುಬೆ ಇರಲೇಬೇಕು’ ಎಂಬ ನಂಬಿಕೆ ಗಟ್ಟಿಯಾಗಿದೆ. ಅದು ವೈದ್ಯರ ಗುರುತೇ ಅಲ್ಲ. ಅದು ಯುದ್ಧಕಾಲದ ರಕ್ಷಣೆಯ ಲಾಂಛನ, ರೆಡ್ ಕ್ರಾಸ್ ಸಂಸ್ಥೆ ಮತ್ತು ಸೇನೆಯ ವೈದ್ಯಕೀಯ ವಿಭಾಗಗಳದ್ದು. ನಮ್ಮ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಸರ್ಕಾರದ ಒಪ್ಪಿಗೆಯಿಲ್ಲದೆ ಬೇರೆಯವರು ಅದನ್ನು ಬಳಸುವುದನ್ನು ನಿಷೇಧಿಸಿದೆ. ಔಷಧಿ ಅಂಗಡಿಗೂ ಇದೇ ಅನ್ವಯ. ಅಶೋಕ ಸ್ತಂಭದ ಸಿಂಹಗಳನ್ನು ಖಾಸಗಿ ಕಾರ್ಡಿನಲ್ಲಿ ಹಾಕುವುದಂತೂ ಇನ್ನೂ ಗಂಭೀರ. 2005ರ ರಾಷ್ಟ್ರಲಾಂಛನದ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಯೋಚಿಸಿ ಹಾಕಬೇಕಾದದ್ದು ಕ್ಯೂಆರ್ ಕೋಡ್. ‘ಉಚಿತ’ ಎಂದು ಕ್ಯೂಆರ್ ಮಾಡಿಕೊಡುವ ಕೆಲವು ತಾಣಗಳು ‘ಡೈನಾಮಿಕ್’ ಬಗೆಯದನ್ನು ಕೊಡುತ್ತವೆ. ಅದರೊಳಗೆ ನಿಮ್ಮ ನಂಬರ್ ಇರುವುದಿಲ್ಲ, ಆ ತಾಣದ ಒಂದು ಲಿಂಕ್ ಇರುತ್ತದೆ. ಉಚಿತ ಅವಧಿ ಮುಗಿದ ದಿನ ನೀವು ಹಂಚಿದ ಎಲ್ಲ ಕಾರ್ಡಿನ ಕ್ಯೂಆರ್ ಒಟ್ಟಿಗೆ ಸಾಯಬಹುದು. ‘ಸ್ಟ್ಯಾಟಿಕ್’ ಎಂದಿರುವುದನ್ನೇ ಮಾಡಿಸಿ, ಅದರಲ್ಲಿ ವಿವರ ಆ ಕಪ್ಪುಬಿಳಿ ಚೌಕಗಳೊಳಗೇ ಇರುತ್ತದೆ, ಅವಧಿ ಎಂಬುದಿಲ್ಲ. ವಿವರ ಹೆಚ್ಚಾದಷ್ಟೂ ಚೌಕಗಳು ಸಣ್ಣದಾಗಿ ಓದುವುದು ಕಷ್ಟ, ಆದ್ದರಿಂದ ಹೆಸರು ಮತ್ತು ನಂಬರ್ ಸಾಕು. ಎರಡು ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಸುತ್ತ ಬಿಳಿ ಜಾಗ ಬಿಡಿ. 30 ಶೇಕಡದವರೆಗೆ ಹಾಳಾದರೂ ಓದಬಲ್ಲ ಮಟ್ಟ ಕ್ಯೂಆರ್‌ನಲ್ಲಿದೆ ನಿಜ, ಆದರೆ ಎಲ್ಲ ಕ್ಯೂಆರ್‌ಗಳೂ ಆ ಮಟ್ಟದಲ್ಲಿ ಮಾಡಿದವಲ್ಲ, ಕೆಲವು ತಾಳುವುದು 7 ಶೇಕಡ ಮಾತ್ರ. ನಡುವೆ ಲೋಗೊ ಅಂಟಿಸುವ ಮುನ್ನ ಇದು ನೆನಪಿರಲಿ. ಪ್ಯಾನ್, ಆಧಾರ್ ನಂಬರುಗಳಿಗೆ ಕಾರ್ಡಿನಲ್ಲಿ ಯಾವ ಕೆಲಸವೂ ಇಲ್ಲ. ಜಿಎಸ್‌ಟಿ ನಂಬರನ್ನು ಅಂಗಡಿಯ ಬೋರ್ಡಿನಲ್ಲಿ ಹಾಕಬೇಕೆಂಬ ನಿಯಮವಿದೆ, ಕಾರ್ಡಿನಲ್ಲಿ ಹಾಕಲೇಬೇಕೆಂದಿಲ್ಲ. ಅದರ ಮೂರನೆಯ ಅಕ್ಷರದಿಂದ ಹನ್ನೆರಡನೆಯದರವರೆಗೆ ಇರುವುದು ನಿಮ್ಮ ಪ್ಯಾನೇ.

ಚಿಕ್ಕಮ್ಮನ ಎರಡನೇ ಕಾರ್ಡನ್ನು ನಾವಿಬ್ಬರೂ ಕೂತು ಲಿಬ್ರೆಆಫೀಸ್‌ನಲ್ಲಿ ಮಾಡಿದೆವು. ಸಾದಾ ಹಾಳೆಯ ಮೇಲೆ ತೆಗೆದ ಪ್ರೂಫನ್ನು ಅಜ್ಜಿಯ ಕೈಗೆ ಕೊಟ್ಟು, “ಇದರಲ್ಲಿರೋ ನಂಬರಿಗೆ ಫೋನ್ ಮಾಡಜ್ಜಿ” ಎಂದೆ. ಅಜ್ಜಿ ಕನ್ನಡಕ ಏರಿಸಿ ಒಂದೊಂದೇ ಅಂಕಿ ಒತ್ತಿದರು. ಅಡುಗೆಮನೆಯಲ್ಲಿದ್ದ ಫೋನು ರಿಂಗಾಗಲಿಲ್ಲ. ಆ ಕಡೆಯಿಂದ ಯಾರೋ ಗಂಡಸರು “ಯಾರು ಬೇಕಿತ್ತು?” ಎಂದರು. ಟೈಪ್ ಮಾಡುವಾಗ ನಾನು ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದ್ದೆ. ತಿದ್ದಿ, ಮತ್ತೆ ಅಜ್ಜಿಯ ಕೈಯಲ್ಲೇ ಡಯಲ್ ಮಾಡಿಸಿ, ಅಡುಗೆಮನೆಯಿಂದ ಚಿಕ್ಕಮ್ಮ “ಹಲೋ” ಎಂದ ಮೇಲೆಯೇ ಪಿಡಿಎಫ್ ಪ್ರೆಸ್ಸಿಗೆ ಹೋಯಿತು.